ಗಂಟೆಗೆ ನೂರು ಮೈಲಿ ಓಡುವ ದೋಣಿ: ಬೆಲೆ ಏರಿತು, ಕೊಳ್ಳುವವರೂ ಬದಲಾದರು

2020ರ ಫೆಬ್ರವರಿ, ಮಯಾಮಿ ಬೋಟ್ ಷೋ. ಸಿಗರೆಟ್ ರೇಸಿಂಗ್ ಟೀಮ್ ಎಂಬ ಕಂಪನಿ ಅಲ್ಲಿ 59 ಅಡಿ ಉದ್ದದ ಒಂದು ದೋಣಿಯನ್ನು ಪ್ರದರ್ಶನಕ್ಕಿಟ್ಟಿತು. ಹೆಸರು ಟಿರಾನ್ನಾ. ಮರ್ಸಿಡಿಸ್ ಕಾರಿನ ಎಎಂಜಿ ವಿಭಾಗದ ಜೊತೆ ಸೇರಿ ಮಾಡಿದ ವಿನ್ಯಾಸ. ಹಿಂಬದಿಯಲ್ಲಿ ಸಾಲಾಗಿ ಆರು ಎಂಜಿನ್. ಒಂದೊಂದೂ 450 ಎಚ್‌ಪಿ, ಒಟ್ಟು 2,700. ನಮ್ಮ ರಸ್ತೆಗಳಲ್ಲಿ ಓಡುವ ಸಣ್ಣ ಮಾರುತಿ ಕಾರುಗಳ ಲೆಕ್ಕದಲ್ಲಿ ಹೇಳುವುದಾದರೆ ಮೂವತ್ತು ಕಾರುಗಳ ಶಕ್ತಿ.

ಆದರೆ ನನ್ನ ಕುತೂಹಲ ಎಂಜಿನ್ ಮೇಲಲ್ಲ, ದೋಣಿಯ ಉಳಿದ ಭಾಗದ ಮೇಲೆ. ಕೆಳಗೆ ಮಲಗುವ ಕೋಣೆ ಇದೆ. ಮೇಲೆ ಕಾಲು ಚಾಚಿ ಕೂರುವ ಸೋಫಾ ಇದೆ, ನೆರಳಿದೆ. ಇದೇ ಕಂಪನಿ ಐವತ್ತು ವರ್ಷದ ಹಿಂದೆ ಮಾಡುತ್ತಿದ್ದ ದೋಣಿಗಳು ಹೀಗಿರಲಿಲ್ಲ. ಅವುಗಳಲ್ಲಿ ಎರಡು ಮೂರು ಜನ ನಿಂತು, ಅಲೆಗೆ ಬಿದ್ದಾಗಲೆಲ್ಲ ಮೊಣಕಾಲು ಮಡಚಿ ಹೊಡೆತ ತಡೆದುಕೊಂಡು ಹೋಗಬೇಕಿತ್ತು. ಆ ದೋಣಿಯಿಂದ ಈ ದೋಣಿಗೆ ಬರುವಷ್ಟರಲ್ಲಿ ಬೆಲೆ ಎಲ್ಲಿಂದ ಎಲ್ಲಿಗೋ ಹೋಯಿತು. "ಎಲ್ಲದರ ಬೆಲೆಯೂ ಏರಿದೆ ಬಿಡಿ" ಅನ್ನೋದು ಸುಲಭದ ಉತ್ತರ. ನಿಜ ಅಂದರೆ, ಮಧ್ಯಮ ವರ್ಗದವರು ಕೊಳ್ಳುತ್ತಿದ್ದ ವೇಗದ ದೋಣಿ ಎಂಬ ವಸ್ತುವೇ ಅಂಗಡಿಯಿಂದ ಮಾಯವಾಗಿದೆ. ಅದು ಹೇಗಾಯಿತು ಎಂದು ನೋಡೋಣ.

ಶುರು ಮಾಡಬೇಕಾದ್ದು 1960ರಿಂದ. ಆ ವರ್ಷ ಮಯಾಮಿಯಿಂದ ಬಹಾಮಾಸ್‌ನ ನಸ್ಸಾವುಗೆ ನಡೆದ ಪಂದ್ಯದಲ್ಲಿ ಡಿಕ್ ಬರ್ಟ್ರಾಮ್ 'ಮೋಪಿ' ಎಂಬ ದೋಣಿಯಲ್ಲಿ ಗೆದ್ದರು. ಸಮುದ್ರ ಅವತ್ತು ಕೆರಳಿತ್ತು. ಮೋಪಿಯ ತಳವನ್ನು ವಿನ್ಯಾಸ ಮಾಡಿದ್ದು ರೇ ಹಂಟ್. ಅಲ್ಲಿಯವರೆಗೆ ವೇಗದ ದೋಣಿಗಳ ತಳ ಹಿಂಬದಿಗೆ ಹೋದಂತೆ ಚಪ್ಪಟೆಯಾಗುತ್ತಿತ್ತು. ಹಂಟ್ ಅದನ್ನು ಕೊನೆಯವರೆಗೂ ಚೂಪಾದ ವಿ ಆಕಾರದಲ್ಲೇ ಇಟ್ಟರು. ಚಪ್ಪಟೆ ತಳ ಅಲೆಗೆ ಬಡಿಯುತ್ತದೆ, ವಿ ತಳ ಅಲೆಯನ್ನು ಸೀಳಿಕೊಂಡು ಇಳಿಯುತ್ತದೆ. ಇವತ್ತಿಗೂ ಕಡಲಲ್ಲಿ ಓಡುವ ವೇಗದ ದೋಣಿಗಳ ಬುನಾದಿ ಇದೇ.

ಈ ತಳವನ್ನು ಹಿಡಿದು ಒಂದು ಉದ್ಯಮವನ್ನೇ ಕಟ್ಟಿದವರು ಡಾನ್ ಆರೊನೊ. ನ್ಯೂಜೆರ್ಸಿಯಲ್ಲಿ ಕಟ್ಟಡ ಕಟ್ಟಿ ದುಡ್ಡು ಮಾಡಿದ್ದ ಮನುಷ್ಯ. ಮಯಾಮಿಗೆ ಬಂದು 1962ರಲ್ಲಿ ಫಾರ್ಮುಲಾ, 1964ರಲ್ಲಿ ಡಾನ್ಜಿ, 1966ರಲ್ಲಿ ಮ್ಯಾಗ್ನಮ್, ಆ ದಶಕದ ಕೊನೆಗೆ ಸಿಗರೆಟ್ ಕಂಪನಿಗಳನ್ನು ಶುರು ಮಾಡಿದರು. ಒಂದು ಕಂಪನಿ ಕಟ್ಟುವುದು, ಪಂದ್ಯ ಗೆದ್ದು ಹೆಸರು ಮಾಡುವುದು, ಮಾರುವುದು, ಮತ್ತೆ ಪಕ್ಕದಲ್ಲೇ ಹೊಸದು ಶುರು ಮಾಡುವುದು. ಎಲ್ಲವೂ ಉತ್ತರ ಮಯಾಮಿ ಕಡೆಯ 188ನೇ ಬೀದಿ ಎಂಬ ಒಂದೇ ರಸ್ತೆಯಲ್ಲಿ. ಜನ ಅದನ್ನು ಥಂಡರ್‌ಬೋಟ್ ರೋ ಎಂದು ಕರೆಯತೊಡಗಿದರು.

ಆಮೇಲೆ ಬಂದದ್ದು ಕಳ್ಳಸಾಗಣೆ. ಬಹಾಮಾಸ್‌ನ ಬಿಮಿನಿ ದ್ವೀಪ ಮಯಾಮಿಯಿಂದ ಬರೀ 80 ಕಿಲೋಮೀಟರ್. 1970 ಮತ್ತು 80ರ ದಶಕಗಳಲ್ಲಿ ರಾತ್ರೋರಾತ್ರಿ ಗಾಂಜಾ, ಕೊಕೇನ್ ತರುವವರಿಗೆ ಈ ದೋಣಿಗಳು ಹೇಳಿ ಮಾಡಿಸಿದಂತಿದ್ದವು. ಅವರನ್ನು ಹಿಡಿಯಲು ಅಮೆರಿಕದ ಕಸ್ಟಮ್ಸ್ ಇಲಾಖೆ ಬ್ಲೂ ಥಂಡರ್ ಎಂಬ ದೋಣಿಗಳನ್ನು ತರಿಸಿಕೊಂಡಿತು. ಮಾಡಿಕೊಟ್ಟವರು ಮತ್ತದೇ ಆರೊನೊ. ಆಗ ಉಪಾಧ್ಯಕ್ಷರಾಗಿದ್ದ ಜಾರ್ಜ್ ಬುಷ್ ಹಿರಿಯರು ಅದನ್ನು ತಾವೇ ಓಡಿಸಿ ನೋಡಿದ್ದರು. ಅವರ ಸ್ವಂತ ದೋಣಿಯೂ 28 ಅಡಿಯ ಸಿಗರೆಟ್. 1987ರ ಫೆಬ್ರವರಿ 3ರಂದು ಅದೇ 188ನೇ ಬೀದಿಯಲ್ಲಿ ಆರೊನೊ ಯಾರದೋ ಗುಂಡೇಟಿಗೆ ಬಲಿಯಾದರು.

ಇದನ್ನೆಲ್ಲ ಹೇಳಿದ್ದಕ್ಕೆ ಕಾರಣ ಇದೆ. ಆ ಕಾಲದ ಆಕರ್ಷಣೆ ಏನು ಎಂದು ತಿಳಿಯದೆ ಈಗ ಏನು ಬದಲಾಯಿತು ಎಂದು ತಿಳಿಯದು. ಆಗ ಜನ ಕೊಳ್ಳುತ್ತಿದ್ದುದು ಗದ್ದಲ, ಅಪಾಯ ಮತ್ತು ಸ್ವಲ್ಪ ಪುಂಡತನದ ವಾಸನೆ. ಗಮನಿಸಬೇಕಾದ್ದು ಇನ್ನೊಂದಿದೆ. ಅದನ್ನು ಕೊಳ್ಳಲು ಕೋಟ್ಯಧಿಪತಿಯೇ ಆಗಬೇಕಿರಲಿಲ್ಲ. ಓಹಾಯೊದ ಬಾಹಾ, ನಾರ್ತ್ ಕೆರೊಲಿನಾದ ಫೌಂಟನ್, ವೆಲ್‌ಕ್ರಾಫ್ಟ್‌ನ ಸ್ಕ್ಯಾರಬ್ ಇವೆಲ್ಲ ದೊಡ್ಡ ಸಂಖ್ಯೆಯಲ್ಲಿ ತಯಾರಾಗುತ್ತಿದ್ದವು. 24 ಅಡಿಯಿಂದ 35 ಅಡಿಯವರೆಗಿನ ದೋಣಿ, ಒಳಗೆ ಒಂದೋ ಎರಡೋ ವಿ8 ಎಂಜಿನ್, ಅಂದರೆ ಎಂಟು ಸಿಲಿಂಡರ್‌ನದ್ದು. ಕಟ್ಟಡ ಗುತ್ತಿಗೆದಾರ, ಕಾರು ಡೀಲರ್, ಸ್ವಂತ ಗ್ಯಾರೇಜ್ ಇರುವವನು ಸಾಲ ಮಾಡಿ ಕೊಳ್ಳಬಹುದಿತ್ತು.

ಹೇಗೆ ಸಾಧ್ಯವಾಗುತ್ತಿತ್ತು? ಎಂಜಿನ್‌ನಿಂದ. ದೋಣಿ ಎಂಜಿನ್ ಮಾಡುವ ಮರ್ಕ್ಯುರಿ ಕಂಪನಿಯ ದೊಡ್ಡ ವಿ8 ಎಂಜಿನ್‌ಗಳ ಮೂಲ ಬ್ಲಾಕ್ ಜನರಲ್ ಮೋಟರ್ಸ್‌ನದ್ದು. ಟ್ರಕ್, ಪಿಕಪ್‌ಗಳಿಗಾಗಿ ರಾಶಿ ರಾಶಿ ಎರಕ ಹೊಯ್ಯುತ್ತಿದ್ದ ಕಬ್ಬಿಣವನ್ನೇ ದೋಣಿಗೆ ತಕ್ಕಂತೆ ತಿದ್ದುತ್ತಿದ್ದರು. ಹೊಸ ಎಂಜಿನ್ ರೂಪಿಸುವ ಖರ್ಚನ್ನು ಟ್ರಕ್ ಕೊಳ್ಳುವವರು ಹೊರುತ್ತಿದ್ದರು. ದೋಣಿಯವರಿಗೆ ಅದು ಹೆಚ್ಚುಕಮ್ಮಿ ಪುಕ್ಕಟೆ ಲಾಭ.

ಆ ಲಾಭ ನಿಂತುಹೋಯಿತು. ಜನರಲ್ ಮೋಟರ್ಸ್ ತನ್ನ 8.1 ಲೀಟರ್‌ನ ದೊಡ್ಡ ಎಂಜಿನ್ ತಯಾರಿಕೆಯನ್ನು 2009ರಲ್ಲಿ ಮುಗಿಸಿತು. 2010ರಿಂದ ದೋಣಿಯೊಳಗಿನ ಎಂಜಿನ್‌ಗಳ ಹೊಗೆಯ ಮೇಲೂ ಅಮೆರಿಕದ ನಿಯಮ ಬಿಗಿಯಾಯಿತು. ಸಾಮಾನ್ಯ ಎಂಜಿನ್‌ಗಳಿಗೂ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಅದೇ ವರ್ಷ ಮರ್ಕ್ಯುರಿ ರೇಸಿಂಗ್ ತಾನೇ ಮೊದಲಿಂದ ರೂಪಿಸಿದ ಒಂದು ಎಂಜಿನ್ ತಂದಿತು. 9 ಲೀಟರ್, ಎರಡು ಟರ್ಬೊ, 1,350 ಎಚ್‌ಪಿ. ಅದ್ಭುತ ಯಂತ್ರ, ಅನುಮಾನವೇ ಇಲ್ಲ. ಆದರೆ ಇದರ ಖರ್ಚು ಹಂಚಿಕೊಳ್ಳಲು ಯಾವ ಟ್ರಕ್ಕೂ ಇಲ್ಲ. ಕೊಳ್ಳುವ ಬೆರಳೆಣಿಕೆ ಜನರೇ ಪೂರ್ತಿ ಹೊರಬೇಕು.

ಹೊಡೆತಗಳೂ ಒಟ್ಟಿಗೇ ಬಂದವು. 2008ರ ಆರ್ಥಿಕ ಕುಸಿತದಲ್ಲಿ ಮೊದಲು ಮಕಾಡೆ ಬಿದ್ದವರು ಇದೇ ಗುತ್ತಿಗೆದಾರರು. ಮನೆಯ ಮೇಲೆ ಸಾಲ ತೆಗೆದು ದೋಣಿ ಕೊಂಡಿದ್ದವರು ಎಷ್ಟೋ ಜನ. ಬ್ರನ್ಸ್‌ವಿಕ್ ಕಂಪನಿ 2008ರಲ್ಲಿ ಬಾಹಾವನ್ನು ಫೌಂಟನ್‌ಗೆ ಮಾರಿ ಕೈತೊಳೆದುಕೊಂಡಿತು. ಮರುವರ್ಷ ಫೌಂಟನ್ ದಿವಾಳಿ ಅರ್ಜಿ ಹಾಕಿತು. ವೆಲ್‌ಕ್ರಾಫ್ಟ್‌ನ ಒಡೆತನ ಹೊಂದಿದ್ದ ಜೆನ್‌ಮಾರ್ ಕೂಡ 2009ರಲ್ಲೇ ದಿವಾಳಿಗೆ ಹೋಯಿತು. ಬಾಹಾ, ಫೌಂಟನ್ ಹೆಸರುಗಳು ಬೇರೆ ಒಡೆಯರ ಕೈಯಲ್ಲಿ ಮುಂದೆಯೂ ಉಳಿದವು. ಆದರೆ ಊರೂರಿನ ಡೀಲರ್ ಹತ್ತಿರ ಸಿಗುತ್ತಿದ್ದ ಆ ಸಾಲು ಸಾಲು ದೋಣಿಗಳು ಮತ್ತೆ ಬರಲಿಲ್ಲ.

ಉಳಿದುಕೊಂಡವರು ಯಾರು? ಮೇಲಿನ ಹಂತದವರು. ಫ್ಲೋರಿಡಾದಲ್ಲಿ ಸಿಗರೆಟ್ ಮತ್ತು ನಾರ್‌ಟೆಕ್, ಮಿಸೌರಿಯಲ್ಲಿ ಎಂಟಿಐ, ಮಿಷಿಗನ್‌ನಲ್ಲಿ ಸ್ಕೇಟರ್, ರೋಡ್ ಐಲೆಂಡ್‌ನಲ್ಲಿ ಔಟರ್‌ಲಿಮಿಟ್ಸ್. ಇವರು ವರ್ಷಕ್ಕೆ ಮಾಡುವ ದೋಣಿಗಳೇ ಕಮ್ಮಿ, ಅದೂ ಆರ್ಡರ್ ಬಂದ ಮೇಲೆ. ಕುಸಿತದಲ್ಲೂ ದುಡ್ಡಿದ್ದವರ ಹತ್ತಿರ ದುಡ್ಡಿತ್ತು, ಹಾಗಾಗಿ ಬದುಕಿದರು.

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ವೇಗ ಯಾಕೆ ಇಷ್ಟು ದುಬಾರಿ ಎಂಬುದು ಆಗಲೇ ಗೊತ್ತಾಗುವುದು. ನೀರಿನ ಮೇಲೆದ್ದು ಓಡುವ ದೋಣಿಯ ವೇಗ, ಅದರ ಶಕ್ತಿಯನ್ನು ತೂಕದಿಂದ ಭಾಗಿಸಿದಾಗ ಬರುವ ಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಕ್ರೌಚ್ ಸೂತ್ರ ಎಂದು ಇದಕ್ಕೆ ಹೆಸರು, ದೋಣಿ ಕಟ್ಟುವವರೆಲ್ಲ ಬಳಸುವ ಅಂದಾಜು. ಇದರ ಅರ್ಥ ಏನೆಂದರೆ, ವೇಗ ಎರಡರಷ್ಟು ಬೇಕೆಂದರೆ ಶಕ್ತಿ ನಾಲ್ಕರಷ್ಟು ಬೇಕು. ಗಂಟೆಗೆ 100 ಮೈಲಿ, ಅಂದರೆ 160 ಕಿಲೋಮೀಟರ್ ಓಡುವ ದೋಣಿ 120 ಮೈಲಿ ಓಡಬೇಕಾದರೆ ಶೇಕಡಾ 44ರಷ್ಟು ಹೆಚ್ಚು ಎಚ್‌ಪಿ ಬೇಕು. ಎಂಜಿನ್ ಹೆಚ್ಚಾದರೆ ತೂಕ ಹೆಚ್ಚಾಯಿತು. ಇಂಧನದ ಟ್ಯಾಂಕ್ ದೊಡ್ಡದಾಯಿತು. ಆ ತೂಕವನ್ನು ಎಳೆಯಲು ಮತ್ತೆ ಶಕ್ತಿ. ಗಾಳಿಯ ತಡೆ ಬೇರೆ.

ಈ ಸುಳಿಯಿಂದ ಹೊರಬರಲು ಎರಡು ದಾರಿ. ಒಂದು, ತೂಕ ಇಳಿಸುವುದು. ಅದಕ್ಕೆ ಫೈಬರ್‌ಗ್ಲಾಸ್ ಬದಲು ಕಾರ್ಬನ್ ಫೈಬರ್ ಮತ್ತು ಅದನ್ನು ಹಿಡಿದಿಡುವ ಎಪಾಕ್ಸಿ ಅಂಟು ಬೇಕು. ಇದು ಕೈಕೆಲಸ, ನುರಿತವರು ಬೇಕು, ಸಮಯ ಬೇಕು. ಎರಡನೆಯದು, ಕ್ಯಾಟಮರಾನ್ ಕಟ್ಟುವುದು. ಎರಡು ತೆಳು ತಳಗಳು, ನಡುವೆ ಸುರಂಗ. ವೇಗ ಹೆಚ್ಚಿದಂತೆ ಸುರಂಗದೊಳಗೆ ನುಗ್ಗುವ ಗಾಳಿ ದೋಣಿಯ ತೂಕದ ಒಂದು ಪಾಲನ್ನು ತಾನೇ ಹೊರುತ್ತದೆ. ನೀರಿಗೆ ತಗಲುವ ಭಾಗ ಕಮ್ಮಿಯಾಗುತ್ತದೆ. ಗಾಳಿ ಜಾಸ್ತಿಯಾದರೆ ಮಾತ್ರ ಮೂತಿ ಮೇಲೆದ್ದು ದೋಣಿ ಹಿಂದಕ್ಕೆ ಮಗುಚಿಕೊಳ್ಳುತ್ತದೆ. ಮಿಸೌರಿಯ ಲೇಕ್ ಆಫ್ ದಿ ಓಝಾರ್ಕ್ಸ್‌ನಲ್ಲಿ ಪ್ರತಿವರ್ಷ ಷೂಟ್‌ಔಟ್ ಎಂಬ ವೇಗದ ಸ್ಪರ್ಧೆ ನಡೆಯುತ್ತದೆ. 2014ರಲ್ಲಿ ಅಲ್ಲಿ ಸ್ಪಿರಿಟ್ ಆಫ್ ಕತಾರ್ ಎಂಬ ಟರ್ಬೈನ್ ಕ್ಯಾಟಮರಾನ್ ಗಂಟೆಗೆ 244 ಮೈಲಿ ಮುಟ್ಟಿತು. ಸುಮಾರು 393 ಕಿಲೋಮೀಟರ್, ಅದೂ ನೀರಿನ ಮೇಲೆ.

ಇಂಧನದ ಲೆಕ್ಕ ಇನ್ನೂ ಸರಳ. ಪೆಟ್ರೋಲ್ ಎಂಜಿನ್ ಪೂರ್ತಿ ವೇಗದಲ್ಲಿರುವಾಗ ಪ್ರತಿ 10 ಎಚ್‌ಪಿಗೆ ಗಂಟೆಗೆ ಹತ್ತಿರ ಹತ್ತಿರ ಒಂದು ಗ್ಯಾಲನ್ ಕುಡಿಯುತ್ತದೆ. ನಾಲ್ಕು 450 ಎಚ್‌ಪಿ ಎಂಜಿನ್ ಇದ್ದರೆ 180 ಗ್ಯಾಲನ್, ಅಂದರೆ 680 ಲೀಟರ್. ಗ್ಯಾಲನ್‌ಗೆ 5 ಡಾಲರ್ ಎಂದು ಹಿಡಿಯಿರಿ, ಗಂಟೆಗೆ 900 ಡಾಲರ್. ಯಾರೂ ಒಂದು ಗಂಟೆ ಪೂರ್ತಿ ಹಾಗೆ ಓಡಿಸುವುದಿಲ್ಲ, ನಿಜ. ನಿಧಾನಕ್ಕೆ ಹೋದರೆ ಅರ್ಧಕ್ಕಿಂತ ಕಮ್ಮಿ ಸಾಕು. ನಿಧಾನಕ್ಕೆ ಹೋಗಲು ಈ ದೋಣಿ ಯಾಕೆ ಎಂದು ಮಾತ್ರ ಕೇಳಬೇಡಿ.

ವಿಚಿತ್ರ ಅಂದರೆ, ಮಾಲೀಕರನ್ನು ಜಾಸ್ತಿ ಕಾಡುವುದು ಇಂಧನ ಅಲ್ಲ. ದೋಣಿ ಇರುವವರು ವರ್ಷಕ್ಕೆ ಬೆಲೆಯ ಹತ್ತನೇ ಒಂದು ಭಾಗವನ್ನು ಖರ್ಚಿಗೆ ಎತ್ತಿಡಿ ಎಂದು ಹೇಳುವುದುಂಟು. ನಿಲ್ಲಿಸುವ ಜಾಗದ ಬಾಡಿಗೆ, ವಿಮೆ, ಸರ್ವಿಸ್, ಉಪ್ಪುನೀರು ತಿಂದ ಭಾಗಗಳ ಬದಲಾವಣೆ. ಉತ್ತರದ ರಾಜ್ಯಗಳಲ್ಲಿ ಚಳಿಗಾಲಕ್ಕೆ ಎಂಜಿನ್‌ನೊಳಗಿನ ನೀರು ಬಸಿದು, ಮುಚ್ಚಿಡುವ ಖರ್ಚು. ಇದರಲ್ಲಿ ವಿಮೆಯದೇ ಒಂದು ಕಥೆ. ಸಾಮಾನ್ಯ ದೋಣಿಗೆ ವಿಮೆ ಕೊಡುವ ಎಷ್ಟೋ ಕಂಪನಿಗಳು ಒಂದು ವೇಗದ ಮಿತಿ ದಾಟಿದ ದೋಣಿಯನ್ನು ಮುಟ್ಟುವುದೇ ಇಲ್ಲ. ಮುಟ್ಟುವವರು ಮೊದಲು ಯಾವ ದೋಣಿ ಓಡಿಸಿದ್ದೀರಿ, ತರಬೇತಿ ಆಗಿದೆಯಾ ಎಂದು ಕೇಳುತ್ತಾರೆ. ಫ್ಲೋರಿಡಾದಲ್ಲಿ ಚಂಡಮಾರುತ ಬಂದರೆ ದೋಣಿಯನ್ನು ಎಲ್ಲಿಗೆ ಸಾಗಿಸುತ್ತೀರಿ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕು.

ಸಾಲದ ವಿಷಯ. ಕೋವಿಡ್ ಬಂದಾಗ ಅಮೆರಿಕದಲ್ಲಿ ದೋಣಿ ಮಾರಾಟ ಏಕಾಏಕಿ ಏರಿತು. ಹೊರಗೆ ಹೋಗುವಂತಿಲ್ಲ, ನೀರಿನ ಮೇಲೆ ಮಾತ್ರ ಹೋಗಬಹುದು. 2020ರಲ್ಲಿ ಅಲ್ಲಿ ಎಲ್ಲ ಬಗೆಯವೂ ಸೇರಿ 3 ಲಕ್ಷಕ್ಕೂ ಹೆಚ್ಚು ಹೊಸ ಪವರ್‌ಬೋಟ್ ಮಾರಾಟವಾದವು. ಬಡ್ಡಿಯೂ ತಳದಲ್ಲಿತ್ತು. ಮುಂದೆ 2022ರ ಮಾರ್ಚಿನಿಂದ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಬಡ್ಡಿ ಏರಿಸುತ್ತಾ ಬಂತು, 2023ರ ಜುಲೈ ಹೊತ್ತಿಗೆ ಅದರ ದರ ಶೇಕಡಾ ಐದು ದಾಟಿತ್ತು. ದೋಣಿ ಸಾಲ ಅಲ್ಲಿ 15, 20 ವರ್ಷದ್ದು. 5 ಲಕ್ಷ ಡಾಲರ್ ಸಾಲವನ್ನು 20 ವರ್ಷಕ್ಕೆ ಶೇಕಡಾ 4.5ರ ಬಡ್ಡಿಯಲ್ಲಿ ತೆಗೆದುಕೊಂಡರೆ ತಿಂಗಳ ಕಂತು ಸುಮಾರು 3,160 ಡಾಲರ್. ಅದೇ ಸಾಲ ಶೇಕಡಾ 8.5ಕ್ಕೆ ಆದರೆ 4,340. ದೋಣಿಯ ಬೆಲೆ ಒಂದು ಡಾಲರ್ ಕೂಡ ಏರದೆ ಕಂತು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಏರಿತು. ಇಲ್ಲಿ ಬೆಲೆಯೂ ಏರಿತ್ತು.

"ಇಷ್ಟು ದುಡ್ಡಿರುವವರಿಗೆ ಇದೆಲ್ಲ ಯಾವ ಲೆಕ್ಕ" ಅನ್ನಿಸಬಹುದು. 1991ರಲ್ಲಿ ಅಮೆರಿಕ ಸರ್ಕಾರವೂ ಹಾಗೇ ಅಂದುಕೊಂಡಿತ್ತು. 1 ಲಕ್ಷ ಡಾಲರ್‌ಗಿಂತ ಹೆಚ್ಚಿನ ಬೆಲೆಯ ದೋಣಿಗಳಿಗೆ, ಆ ಮಿತಿ ಮೀರಿದ ಮೊತ್ತದ ಮೇಲೆ ಶೇಕಡಾ 10 ಐಷಾರಾಮಿ ತೆರಿಗೆ ಹಾಕಿತು. ಶ್ರೀಮಂತರು ತೆರಿಗೆ ಕಟ್ಟಲಿಲ್ಲ, ದೋಣಿ ಕೊಳ್ಳುವುದನ್ನೇ ಬಿಟ್ಟರು. ಕೆಲಸ ಹೋದದ್ದು ಫೈಬರ್‌ಗ್ಲಾಸ್ ಹಚ್ಚುವವರದು, ಬಡಗಿಗಳದು. ಆಗ ಆರ್ಥಿಕ ಹಿಂಜರಿತವೂ ಇತ್ತು, ಹಾಗಾಗಿ ಪೂರ್ತಿ ತಪ್ಪನ್ನು ತೆರಿಗೆಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ 1993ರಲ್ಲಿ ಅದನ್ನು ತೆಗೆದುಹಾಕಿದರು. ನಮ್ಮಲ್ಲಿ 2025ರ ಸೆಪ್ಟೆಂಬರ್‌ನಿಂದ ವಿಹಾರ ದೋಣಿಗಳ ಮೇಲಿನ ಜಿಎಸ್‌ಟಿ ಶೇಕಡಾ 40. ನಮ್ಮಲ್ಲಿ ಬೀಳಲು ಅಂಥ ದೊಡ್ಡ ಮಾರುಕಟ್ಟೆಯೇ ಇಲ್ಲ ಅನ್ನೋದು ಬೇರೆ ಮಾತು.

ಇನ್ನು ಆಕರ್ಷಣೆಯ ವಿಷಯಕ್ಕೆ ಬರೋಣ. ಇದು ಬದಲಾಗಿದ್ದು ಎಂಜಿನ್ ದೋಣಿಯ ಒಳಗಿನಿಂದ ಹೊರಗೆ ಬಂದಾಗ.

ಹಿಂದೆ ದೊಡ್ಡ ಶಕ್ತಿ ಬೇಕಾದರೆ ಎಂಜಿನ್ ದೋಣಿಯ ಹೊಟ್ಟೆಯಲ್ಲೇ ಇರಬೇಕಿತ್ತು. ಹಿಂದೆ ನೇತಾಡುವ ಔಟ್‌ಬೋರ್ಡ್ ಎಂದರೆ ಮೀನು ಹಿಡಿಯುವವರದ್ದು ಎಂಬ ತಾತ್ಸಾರ. ಮರ್ಕ್ಯುರಿ ರೇಸಿಂಗ್ 2015ರಲ್ಲಿ 400 ಎಚ್‌ಪಿ, 2019ರಲ್ಲಿ 450 ಎಚ್‌ಪಿ ಔಟ್‌ಬೋರ್ಡ್ ತಂದ ಮೇಲೆ ತಾತ್ಸಾರ ಕರಗಿತು. 450ರ ತೂಕ 313 ಕಿಲೋ. ಅಷ್ಟು ಹಗುರದ ಎಂಜಿನ್‌ನಿಂದ ಅಷ್ಟು ಶಕ್ತಿ ಸಿಕ್ಕಿದಾಗ ಲೆಕ್ಕವೇ ಬದಲಾಯಿತು. ಕೆಟ್ಟರೆ ಬಿಚ್ಚಿ ಇನ್ನೊಂದು ಹಾಕಬಹುದು. ದಡಕ್ಕೆ ಬಂದ ಮೇಲೆ ಎತ್ತಿ ಉಪ್ಪುನೀರಿನಿಂದ ಹೊರಗಿಡಬಹುದು. ಮುಖ್ಯವಾಗಿ, ಹೊಟ್ಟೆ ಖಾಲಿಯಾಯಿತು. ಅಲ್ಲಿ ಸೀಟು ಬಂತು, ಶೌಚಾಲಯ ಬಂತು, ಫ್ರಿಜ್ ಬಂತು.

ಸೆಂಟರ್ ಕನ್ಸೋಲ್ ಎಂಬ ಮಾದರಿ ಗೆದ್ದದ್ದು ಹೀಗೆ. ನಡುವೆ ಸ್ಟೀರಿಂಗ್, ಸುತ್ತಲೂ ಓಡಾಡುವ ಜಾಗ, ಮೇಲೆ ನೆರಳು. ಮೂಲತಃ ಮೀನುಗಾರಿಕೆಯ ದೋಣಿ. ಈಗ ಅದೇ ಗಂಟೆಗೆ 80, 90 ಮೈಲಿ ಓಡುತ್ತದೆ. ಹಳೆಯ ದೋಣಿಯಲ್ಲಿ ಗಂಡಸರಿಬ್ಬರು ಹೋಗಿ ಬರುತ್ತಿದ್ದರು, ಮನೆಯವರು ದಡದಲ್ಲಿ ಕಾಯುತ್ತಿದ್ದರು. ಈಗ ಹತ್ತು ಜನ ಹತ್ತಿ ಬಿಮಿನಿಗೆ ಊಟಕ್ಕೆ ಹೋಗುತ್ತಾರೆ. ಇಲ್ಲವೇ ಮಯಾಮಿಯ ಹಾಲೊವರ್ ಮರಳದಿಬ್ಬದ ಹತ್ತಿರ ಸೊಂಟದವರೆಗಿನ ನೀರಿನಲ್ಲಿ ಲಂಗರು ಹಾಕಿ ಮಧ್ಯಾಹ್ನ ಕಳೆಯುತ್ತಾರೆ. ಹೆಂಡತಿ ಒಪ್ಪದ ದೋಣಿ ಮಾರಾಟವಾಗುವುದಿಲ್ಲ ಎಂಬುದನ್ನು ಕಂಪನಿಗಳು ತಡವಾಗಿಯಾದರೂ ಕಂಡುಕೊಂಡವು.

ಗದ್ದಲವೂ ಕಮ್ಮಿಯಾಯಿತು. ಹಳೆಯ ವಿ8ಗಳ ಹೊಗೆ ಕೊಳವೆ ನೇರವಾಗಿ ಹಿಂದಕ್ಕೆ ತೆರೆದಿರುತ್ತಿತ್ತು, ಸರೋವರದ ಆಚೆ ದಡದ ಮನೆಯವರೂ ಎದ್ದು ಕೂರುತ್ತಿದ್ದರು. ಅಂಥ ಸದ್ದಿನ ಮೇಲೆ ಹಲವು ರಾಜ್ಯಗಳು ನಿಯಮ ತಂದವು. ಹಳಬರು ಈಗಲೂ ಆ ಸದ್ದನ್ನು ನೆನೆದು ನಿಟ್ಟುಸಿರು ಬಿಡುತ್ತಾರೆ. ಪಕ್ಕದ ಮನೆಯವರು ಬಿಡುವುದಿಲ್ಲ.

ಆದರೆ ಈ ಅನುಕೂಲಗಳೇ ಬೆಲೆಯನ್ನು ಇನ್ನಷ್ಟು ಏರಿಸಿದವು. ಹತ್ತು ಜನ ಕೂರಬೇಕೆಂದರೆ ದೋಣಿ ಉದ್ದವಾಗಬೇಕು. ಉದ್ದವಾದರೆ ತೂಕ. ತೂಕವಾದರೆ ಎರಡು ಎಂಜಿನ್ ಸಾಲದು, ನಾಲ್ಕು. ಅದೇ ವರ್ಗಮೂಲದ ಲೆಕ್ಕ. 2021ರಲ್ಲಿ ಮರ್ಕ್ಯುರಿ 600 ಎಚ್‌ಪಿಯ ವಿ12 ಔಟ್‌ಬೋರ್ಡ್ ತಂದಿತು. 7.6 ಲೀಟರ್, ಎರಡು ಗೇರ್, 572 ಕಿಲೋ. ತಿರುಗುವಾಗ ಪೂರ್ತಿ ಎಂಜಿನ್ ಹೊರಳುವುದಿಲ್ಲ, ನೀರೊಳಗಿನ ಕೆಳಭಾಗ ಮಾತ್ರ ಹೊರಳುತ್ತದೆ. ಬಂದಾಗ ಒಂದಕ್ಕೆ ಸುಮಾರು 77,000 ಡಾಲರ್. ನಾಲ್ಕು ಹಾಕಿದರೆ ಎಂಜಿನ್‌ಗೇ 3 ಲಕ್ಷ ಡಾಲರ್ ದಾಟಿತು, ನಮ್ಮ ಲೆಕ್ಕದಲ್ಲಿ ಎರಡೂವರೆ ಕೋಟಿ ರೂಪಾಯಿಗೂ ಮೇಲೆ. ದೋಣಿಯ ಲೆಕ್ಕ ಇನ್ನೂ ಶುರುವಾಗಿಲ್ಲ.

ಪೈಪೋಟಿಯೂ ಹೆಚ್ಚಿಲ್ಲ. ಸೆವೆನ್ ಮರೀನ್ ಎಂಬ ಕಂಪನಿ ಮರ್ಕ್ಯುರಿಗಿಂತ ಮೊದಲೇ, 2011ರಲ್ಲಿ 557 ಎಚ್‌ಪಿ ಔಟ್‌ಬೋರ್ಡ್ ತೋರಿಸಿತ್ತು, ಮುಂದೆ 627ಕ್ಕೂ ಹೋಯಿತು. ವೋಲ್ವೊ ಪೆಂಟಾ 2017ರಲ್ಲಿ ಅದನ್ನು ಕೊಂಡು 2020ರ ಕೊನೆಗೆ ನಿಲ್ಲಿಸಿಬಿಟ್ಟಿತು. ಔಟ್‌ಬೋರ್ಡ್ ಮಾಡುತ್ತಿದ್ದ ಎವಿನ್‌ರೂಡ್ ಕೂಡ 2020ರಲ್ಲೇ ಬಾಗಿಲು ಹಾಕಿತು. ಯಮಾಹಾ 450 ಎಚ್‌ಪಿಯವರೆಗೆ ಬಂದಿದೆ, ಆದರೆ ಅದರ ಮನಸ್ಸು ದೊಡ್ಡ ಮೀನುಗಾರಿಕೆ ದೋಣಿಗಳ ಕಡೆ. ವೇಗದ ದೋಣಿಗಳ ಹಿಂಬದಿ ನೋಡಿದರೆ ಬಹುಪಾಲು ಒಂದೇ ಹೆಸರು. ಒಬ್ಬನೇ ವ್ಯಾಪಾರಿ ಇರುವ ಸಂತೆಯಲ್ಲಿ ಚೌಕಾಸಿ ನಡೆಯುವುದು ಕಷ್ಟ.

ವಿದ್ಯುತ್ ಏನಾದರೂ ದಾರಿ ತೋರಿಸೀತೇ? ಪಂದ್ಯದಲ್ಲಿ ಆಗಲೇ ಬಂದಿದೆ. 2024ರಲ್ಲಿ ಜೆಡ್ಡಾದಲ್ಲಿ ಇ1 ಎಂಬ ವಿದ್ಯುತ್ ದೋಣಿಗಳ ಸರಣಿ ಶುರುವಾಯಿತು. ಅದರ ಒಂದು ತಂಡ, ಬ್ಲೂ ರೈಸಿಂಗ್, ನಮ್ಮ ಆರ್‌ಸಿಬಿಯ ವಿರಾಟ್ ಕೊಹ್ಲಿ ಅವರ ಸಹಒಡೆತನದ್ದು. ನೀರೊಳಗಿನ ರೆಕ್ಕೆಗಳ ಮೇಲೆ ಎದ್ದು ಓಡುವ ಈ ದೋಣಿ ಗಂಟೆಗೆ ಸುಮಾರು 93 ಕಿಲೋಮೀಟರ್ ಹೋಗುತ್ತದೆ. ವೇಗ ಮುಖ್ಯ ಎನ್ನುವವರಿಗೂ ಉದಾಹರಣೆ ಇದೆ. 2022ರಲ್ಲಿ ಓಝಾರ್ಕ್ಸ್ ಷೂಟ್‌ಔಟ್‌ನಲ್ಲಿ ವಿಷನ್ ಮರೀನ್ ಕಂಪನಿಯ ವಿದ್ಯುತ್ ಮೋಟರ್ ಹಾಕಿದ ಕ್ಯಾಟಮರಾನ್ 109 ಮೈಲಿ ಓಡಿತು.

ತೊಡಕು ಇರುವುದು ದೂರದಲ್ಲಿ. ಇಂಧನದ ಲೆಕ್ಕದಲ್ಲಿ ನೋಡಿದ ನಾಲ್ಕು ಎಂಜಿನ್‌ನ ಆ 1,800 ಎಚ್‌ಪಿ ದೋಣಿಯನ್ನೇ ಮತ್ತೆ ತೆಗೆದುಕೊಳ್ಳಿ. ಪೂರ್ತಿ ಶಕ್ತಿಯಲ್ಲಿ ಒಂದು ಗಂಟೆ ಓಡಲು ಅದಕ್ಕೆ 1,340 ಯೂನಿಟ್ ವಿದ್ಯುತ್ ಬೇಕು. ಒಂದು ಯೂನಿಟ್ ಹಿಡಿದಿಡಲು ಐದಾರು ಕಿಲೋ ಬ್ಯಾಟರಿ ಬೇಕು ಎಂದರೆ ಒಟ್ಟು ಆರೂವರೆ ಟನ್‌ಗೂ ಮೇಲೆ. ಅದೇ ಕೆಲಸಕ್ಕೆ ಪೆಟ್ರೋಲ್ ಅರ್ಧ ಟನ್ ಸಾಕು, ಅದೂ ಓಡಿದಂತೆ ಹಗುರವಾಗುತ್ತಾ ಹೋಗುತ್ತದೆ. ಬಿಮಿನಿಗೆ ಊಟಕ್ಕೆ ಹೋಗುವವರು ಸದ್ಯಕ್ಕೆ ವಿದ್ಯುತ್ ದೋಣಿ ಹತ್ತುವುದಿಲ್ಲ.

ಹಾಗಾದರೆ ಆ ಗುತ್ತಿಗೆದಾರ, ಆ ಗ್ಯಾರೇಜಿನವನು ಈಗ ಏನು ಮಾಡುತ್ತಿದ್ದಾನೆ? ಕೆಲವರು ವೇಕ್‌ಬೋಟ್ ಕಡೆ ಹೋಗಿದ್ದಾರೆ. ಬೇಕೆಂದೇ ತೂಕ ಹೇರಿಕೊಂಡು, ಹಿಂದೆ ದೊಡ್ಡ ಅಲೆ ಎಬ್ಬಿಸಿ ಮಕ್ಕಳನ್ನು ಸರ್ಫಿಂಗ್ ಮಾಡಿಸುವ ದೋಣಿ ಅದು. ಗಂಟೆಗೆ ಹತ್ತು ಹನ್ನೆರಡು ಮೈಲಿ ವೇಗದಲ್ಲಿ ಇಡೀ ದಿನ ಕಳೆಯುತ್ತಾರೆ. ವೇಗವೇ ಬೇಕು ಎನ್ನುವವರು ಹಳೆಯದನ್ನು ಹುಡುಕುತ್ತಾರೆ.

ಹಳೆಯದಕ್ಕೆ ಈಗ ಒಳ್ಳೆ ದಿನ. 1990ರ ದಶಕದ ಫೌಂಟನ್, ಬಾಹಾ, ಸ್ಕೇಟರ್‌ಗಳ ಫೈಬರ್‌ಗ್ಲಾಸ್ ತಳ ಸರಿಯಾಗಿ ನೋಡಿಕೊಂಡರೆ ಸುಲಭಕ್ಕೆ ಹಾಳಾಗುವುದಿಲ್ಲ. ಹಾಳಾಗುವುದು ಎಂಜಿನ್ ಮತ್ತು ಅದರ ಶಕ್ತಿಯನ್ನು ಪ್ರೊಪೆಲರ್‌ಗೆ ಮುಟ್ಟಿಸುವ ಡ್ರೈವ್. ಹೆಚ್ಚು ಗಾಳಿ ತುರುಕಿ ಶಕ್ತಿ ಏರಿಸುವ ಸೂಪರ್‌ಚಾರ್ಜರ್ ಇರುವ ಹಳೆಯ ಎಂಜಿನ್‌ಗಳು ಕೆಲವು ನೂರು ಗಂಟೆ ಓಡಿದರೆ ಬಿಚ್ಚಿ ಕಟ್ಟಬೇಕಾಗುತ್ತದೆ. ಅದಕ್ಕೇ ಒಂದು ಹೊಸ ರೂಢಿ ಬೆಳೆದಿದೆ. ಹಳೆಯ ತಳ ಕೊಂಡು, ಒಳಗಿನ ವಿ8ಗಳನ್ನು ಕಿತ್ತು ಮಾರಿ, ಹಿಂಬದಿಯ ಗೋಡೆಯನ್ನು ಬಲಪಡಿಸಿ, ಔಟ್‌ಬೋರ್ಡ್ ನೇತುಹಾಕುವುದು. ಇಲ್ಲಿ ನೋಡಬೇಕಾದ್ದು ಒಂದೇ. ಆ ಗೋಡೆಯೊಳಗೆ, ತಳದ ಉದ್ದಕ್ಕೂ ಇರುವ ತೊಲೆಗಳೊಳಗೆ ನೀರು ಸೇರಿದೆಯಾ ಎಂದು ತೇವ ಅಳೆಯುವ ಮೀಟರ್ ಹಿಡಿದು ಒಬ್ಬ ಸರ್ವೇಯರ್ ಪರೀಕ್ಷಿಸಬೇಕು. ಹಳೆಯ ದೋಣಿಗಳಲ್ಲಿ ಫೈಬರ್‌ಗ್ಲಾಸ್ ಪದರಗಳ ನಡುವೆ ಮರ ಇರುತ್ತಿತ್ತು, ಕೊಳೆತರೆ ಹೊರಗೆ ಕಾಣುವುದಿಲ್ಲ. ಅದು ಗಟ್ಟಿಯಿದ್ದರೆ ವ್ಯಾಪಾರ ಕುದುರುತ್ತದೆ. ಎಲ್ಲ ಮುಗಿದು ಲೆಕ್ಕ ಹಾಕಿದಾಗ ದೋಣಿಗಿಂತ ಅದರ ಹಿಂದೆ ನೇತುಹಾಕಿದ ಎರಡು ಎಂಜಿನ್‌ಗೆ ಕೊಟ್ಟದ್ದೇ ಜಾಸ್ತಿ ಆಗಿರುವುದು ಸಾಮಾನ್ಯ.